ಗೋಡೆಯ ಮೇಲಿನ ಸುಳ್ಳು ಗೀಟುಗಳು

ಸುಣ್ಣ ಬಳಿಯಲು ಬಂದವನು ನಡುಮನೆಯ ಗೋಡೆಯ ಮುಂದೆ ನಿಂತುಬಿಟ್ಟ. ಈ ಇದ್ದಲಿನ ಗೀಟುಗಳನ್ನೆಲ್ಲ ಅಳಿಸಲೇ ಎಂದು ಕೇಳಿದ. ತಡಿಯಪ್ಪಾ ಎಂದೆ. ನೀವೂ ಸ್ವಲ್ಪ ತಡೆಯಿರಿ. ಅವುಗಳಲ್ಲಿ ಕೆಲವು ನಾನು ಹೇಳಿದ ಸುಳ್ಳುಗಳು.

ನಾಲ್ಕು ವರ್ಷದ ಹಿಂದೆ ಮೊಮ್ಮಗಳು ಚಂದನಾಳನ್ನು ಕರುವೊಂದು ಹಗ್ಗದ ಸಮೇತ ಎಳೆದುಕೊಂಡು ಓಡಿ, ಅವಳ ಭುಜದ ಮೂಳೆ ಮುರಿಯಿತು. ಮೂಳೆ ಕೂಡಿದರೂ ಕೈ ಕಿವಿಯಿಂದ ಮೇಲೆ ಏಳದು. ಬಂಗಾರಪೇಟೆಯ ಫಿಸಿಯೋ ಡಾಕ್ಟರಮ್ಮ, ಬೆರಳುಗಳನ್ನು ಇರುವೆಯಂತೆ ಗೋಡೆಯ ಮೇಲೆ ಹತ್ತಿಸಬೇಕು, ದಿನವೂ ಮುಟ್ಟಿದಲ್ಲಿ ಗೀಟೆಳೆಯಬೇಕು, ಬಿಟ್ಟರೆ ಕೈ ಅಲ್ಲಿಗೇ ನಿಂತುಹೋಗುತ್ತದೆ ಎಂದರು. ಸೊಸೆ ಬೆಳಿಗ್ಗೆಯೇ ರೈಲು ಹಿಡಿದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಉಸ್ತುವಾರಿ ನನ್ನದಾಯಿತು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಗೀಟೆಳೆಯುವುದೇನು ಮಹಾ?

ನೋವಿಗೆ ಮಗು ಅಳುವುದನ್ನು ಕೇಳಲಾಗದೆ ಬೆರಳು ಹತ್ತಿಸುವುದನ್ನೇ ಬಿಟ್ಟೆ ಎಂದರೆ ಅದು ಅರ್ಧ ಸತ್ಯ. ಸಕ್ಕರೆ ಕಾಯಿಲೆಯ ನಾನು ಬೂದಿಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಜಿಲೇಬಿ ತಿನ್ನುವುದನ್ನು ಅವಳು ನೋಡಿದ್ದಳು. ನೀನೂ ಹೇಳಬೇಡ, ನಾನೂ ಹೇಳುವುದಿಲ್ಲ ಎಂದು ಒಪ್ಪಂದವಾಯಿತು. ದಿನಕ್ಕೆ ಅರ್ಧ ಬೆರಳು ಮೇಲೆ ನಾನೇ ಗೀಟೆಳೆದೆ. ಸೊಸೆ ಸಂಜೆ ಬಂದವಳು ಬ್ಯಾಗನ್ನೂ ಇಳಿಸದೆ ಗೋಡೆ ನೋಡಿ ನಗುತ್ತಿದ್ದಳು. ಆ ನಗು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ತಿಂಗಳ ಮೇಲೆ ಡಾಕ್ಟರಮ್ಮ ಕೈ ಎತ್ತಿಸಿದರೆ, ಮತ್ತೆ ಅದೇ ಕಿವಿ. ಸೊಸೆ ಗೋಡೆಯ ಫೋಟೋ ತೋರಿಸಿದಳು.

"ಗೋಡೆಗೇನೋ ವಾಸಿಯಾಗೈತೆ," ಎಂದರು ಅವರು. "ಮಗೂಗೆ ಆಗಿಲ್ಲ."

ಎಲ್ಲ ಒಪ್ಪಿಕೊಂಡೆ, ಜಿಲೇಬಿ ಸಮೇತ. ತಲೆಯ ಮೇಲೆ ಕೈ ಹೊತ್ತುಕೊಳ್ಳಲು ಹೋದರೆ ನನ್ನ ಬಲಗೈಯೇ ಏಳಲಿಲ್ಲ. ಡಾಕ್ಟರಮ್ಮ ಭುಜ ಹಿಡಿದು ನೋಡಿ, ಸಕ್ಕರೆ ಕಾಯಿಲೆಗೆ ಭುಜವೂ ಬಿಗಿಯುತ್ತದೆ ಎಂದು ನನಗೂ ಅದೇ ಗೋಡೆಯನ್ನು ಬರೆದುಕೊಟ್ಟರು.

ಅಂದಿನಿಂದ ಗೋಡೆಗೆ ಎರಡು ಸಾಲು. ಸೊಸೆ ನನ್ನೊಡನೆ ಮಾತು ಬಿಟ್ಟಳು. ಇದ್ದಲನ್ನು ಮಗಳ ಕೈಗೆ ಕೊಟ್ಟಳು.

"ತಾತಾ, ಹಿಮ್ಡಿ ಎತ್ಬೇಡ. ಬೆರಳು ಹತ್ಸು ಅಂದ್ರೆ ನೀನೇ ಹತ್ತೀಯಲ್ಲ," ಎಂದು ಚಂದನಾ ಗದರುವಳು. ನಾನು ಮುಖ ಕಿವುಚಿದಷ್ಟೂ ಅವಳಿಗೆ ಹುರುಪು. ನನ್ನನ್ನು ಸೋಲಿಸುವ ಹಟದಲ್ಲಿ ಅಳುವುದನ್ನೇ ಮರೆತಳು. ಒಂದು ದಿನ ಅವಳ ಬೆರಳು ನನ್ನ ಸುಳ್ಳುಗಳನ್ನೆಲ್ಲ ದಾಟಿ ಕ್ಯಾಲೆಂಡರಿನ ಮೊಳೆ ಮುಟ್ಟಿತು. ಸೊಸೆ ಅಂದು, "ಊಟಕ್ಕೆ ಬನ್ನಿ ಮಾವ," ಎಂದಳು.

ನಾನೋ, ಮೊಳೆಗೆ ಒಂದು ಗೇಣು ಇರುವಾಗಲೇ ಬಿಟ್ಟುಬಿಟ್ಟೆ.

ಸುಣ್ಣದವನು ಕಾಯುತ್ತಲೇ ಇದ್ದ. ಅಷ್ಟರಲ್ಲಿ ಚಂದನಾ ಒಲೆಯಿಂದ ಇದ್ದಲು ತಂದಳು. "ಬಾ ತಾತಾ, ಅಳಿಸೋಕ್ಮುಂಚೆ ಒಂದ್ಸಲ ನೋಡಾನ."

ಹತ್ತಿಸಿದೆ. ಬೆರಳು ನಿಂತಲ್ಲಿ ಗೀಟೆಳೆದಳು. ನನ್ನ ಹಳೆಯ ಕೊನೆಯ ಗೀಟಿಗಿಂತ ಎರಡು ಬೆರಳು ಕೆಳಗೆ. ಒಂಚೂರು ಮೇಲೆ ಎಳೆ ಎಂದು ನಾನು ಕೇಳಲಿಲ್ಲ.

"ಮಿಕ್ಕ ಗೋಡೆಗೆ ಬಳಿಯಪ್ಪಾ," ಎಂದೆ. "ಇಲ್ಲಿನ್ನೂ ಕೆಲ್ಸ ಐತೆ."