ನಾಳೆ ಮಾಸ್ಟರ್ ಇಂಗ್ಲಿಷ್ ಕಲಿತದ್ದು

ನಮ್ಮ ಬೀದಿಯ ದರ್ಜಿ ಸುಳ್ಳುಗಾರ. ಇದನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಸುಳ್ಳು ಹೇಳುವ ಮುನ್ನ ಉಳಿದವರು ಕ್ಷಣವಾದರೂ ಯೋಚಿಸುತ್ತಾರೆ. ಇವನು ಕೆಮ್ಮಿದಷ್ಟು ಸಲೀಸಾಗಿ ಹೇಳುತ್ತಾನೆ. "ನಾಳೆ ಬನ್ನಿ, ರೆಡಿ ಇರುತ್ತೆ" ಎಂಬ ಮಾತು ಬಾಯಿಂದ ಬೀಳುವಾಗ ಅವನ ಕೈ ಇನ್ನೂ ಅಳತೆ ಟೇಪನ್ನು ಬಿಚ್ಚುತ್ತಿರುತ್ತಿತ್ತು. ಬೀದಿಯವರು ನಾಳೆ ಮಾಸ್ಟರ್ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದೆಂದೇ ತಿಳಿದಿದ್ದ.

ಅವನ ಕಸುಬಿನ ಗುಟ್ಟು ಹೊಲಿಗೆಯಲ್ಲಿರಲಿಲ್ಲ, ಕತ್ತರಿಯಲ್ಲಿತ್ತು. ಬಟ್ಟೆ ಕೈಗೆ ಬಂದೊಡನೆ, ಗಿರಾಕಿ ಮೆಟ್ಟಿಲು ಇಳಿಯುವ ಮೊದಲೇ, ಒಂದು ತೋಳನ್ನೋ ಕಾಲರನ್ನೋ ಕತ್ತರಿಸಿಬಿಡುತ್ತಿದ್ದ. ಕತ್ತರಿ ಬಿದ್ದ ಬಟ್ಟೆಯನ್ನು ಬೇರೆ ದರ್ಜಿಯ ಬಳಿ ಒಯ್ಯುವಂತಿಲ್ಲ. ಆಮೇಲೆ ಅದು ಮೂಲೆಯ ರಾಶಿಗೆ ಸೇರುತ್ತಿತ್ತು, ಗಿರಾಕಿ ತಿಂಗಳುಗಟ್ಟಲೆ ಅಲೆಯುತ್ತಿದ್ದ. ಅಲೆದು ಬಂದವರನ್ನು ಎದುರಿಸುವ ಕೆಲಸ ಹೆಂಡತಿಯದು. ಮಾಸ್ಟರ್ ಪರದೆಯ ಹಿಂದೆ ಉಸಿರು ಬಿಗಿಹಿಡಿದು ಕೂತಿರುವಾಗ ಆಕೆ ಮುಂದೆ ನಿಂತು, ನೂಲು ತರಲು ಹೋಗಿದ್ದಾರೆ ಎನ್ನಬೇಕು. ಆಕೆ ಹೇಳಿದಷ್ಟು ನೂಲು ನಿಜವಾಗಿ ಬಂದಿದ್ದರೆ ಇಡೀ ಊರನ್ನು ಸುತ್ತಿ ಕಟ್ಟಬಹುದಿತ್ತು.

ಒಂದು ದಿನ ದೊಡ್ಡ ಹೋಟೆಲೊಂದಕ್ಕೆ ದರ್ಜಿ ಬೇಕೆಂಬ ಸುದ್ದಿ ಬಂತು. ನೌಕರರ ಸಮವಸ್ತ್ರ, ಕಿಟಕಿಯ ಪರದೆ, ಅತಿಥಿಗಳ ಹರಿದ ಬಟ್ಟೆ. ಪ್ರತಿ ತಿಂಗಳೂ ಸಂಬಳ. ಸಂದರ್ಶನ ಮಾತ್ರ ಇಂಗ್ಲಿಷಿನಲ್ಲಿ. ಹೆಂಡತಿ ಅಂದೇ ತೀರ್ಪು ಕೊಟ್ಟಳು.

"ಈ ಕೆಲಸ ಸಿಗದಿದ್ರೆ ನೋಡಿ, ಆಮೇಲೆ ಪರದೆ ಹಿಂದೆ ನಾನು ಕೂರ್ತೀನಿ. ಮುಂದೆ ನೀವೇ ನಿಂತ್ಕೊಳ್ಳಿ."

ಹಾಗಾಗಿ ಅವನು ನನ್ನ ಬಳಿ ಬಂದ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ನನ್ನ ಉಣ್ಣೆಯ ಕೋಟೂ ಒಂಟಿ ತೋಳಿನೊಂದಿಗೆ ಅವನ ರಾಶಿಯಲ್ಲಿ ಮಲಗಿತ್ತು.

ಸಂದರ್ಶನದಲ್ಲಿ ಕೇಳುವುದು ಭವಿಷ್ಯವನ್ನೇ. ಐದು ವರ್ಷದ ಮೇಲೆ ಏನಾಗಿರುತ್ತೀರಿ, ನಮ್ಮ ಸಂಸ್ಥೆಗಾಗಿ ಏನು ಮಾಡುತ್ತೀರಿ. ಇಂಥ ಪ್ರಶ್ನೆಗಳಿಗೆ ಇವನಿಗಿಂತ ಯೋಗ್ಯ ಅಭ್ಯರ್ಥಿ ಭೂಮಿಯ ಮೇಲಿಲ್ಲ ಎಂದುಕೊಂಡೆ. ನಾಳೆ ಏನು ಮಾಡುತ್ತೀ, ಇಂಗ್ಲಿಷಿನಲ್ಲಿ ಹೇಳು ಎಂದೆ. "ಐ ವಿಲ್" ಎಂದು ಶುರುಮಾಡಿ ನಿಂತುಬಿಟ್ಟ. ನಮ್ಮ ಮಾತಿನಲ್ಲಾದರೆ ಅವನ ನಾಲಿಗೆ ಮುಂದೆ ಓಡುತ್ತಿತ್ತು, ಯೋಚನೆ ಹಿಂದಿನಿಂದ ಬರುತ್ತಿತ್ತು, ಎಷ್ಟೋ ಸಲ ಬರುತ್ತಲೂ ಇರಲಿಲ್ಲ. ಇಂಗ್ಲಿಷಿನಲ್ಲಿ ಒಂದೊಂದು ಶಬ್ದವನ್ನೂ ಹುಡುಕಿ ತರಬೇಕು. ತರುವಷ್ಟರಲ್ಲಿ ಮೂಲೆಯ ರಾಶಿ ಕಣ್ಣಿಗೆ ಕಟ್ಟುತ್ತಿತ್ತು.

"ಡಾಕ್ಟರ ಪ್ಯಾಂಟು ಹೊಲೀತೀನಿ ಅನ್ನೋಣ ಅಂದ್ಕೊಂಡೆ, ಅಮ್ಮ. ಆದ್ರೆ ಅದು ನಾಳೆ ಆಗಲ್ಲ."

"ಆಗದಿದ್ರೆ ಬಿಡು. ಹೇಳೋಕೇನು ಕಷ್ಟ?"

"ಇಂಗ್ಲಿಷಲ್ಲಿ ಹೇಳೋಕೆ ಹೋದ್ರೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ."

"ಯಾರಿಗೆ?"

"ನನಗೇ."

ಕೊನೆಗೆ ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸಿದೆ. ಐದು ವರ್ಷಗಳಲ್ಲಿ ದೊಡ್ಡ ತಂಡವನ್ನು ಮುನ್ನಡೆಸುತ್ತೇನೆ, ಸಂಸ್ಥೆಯನ್ನು ಎತ್ತರಕ್ಕೆ ಒಯ್ಯುತ್ತೇನೆ. ಅದು ಅವನ ಸ್ವಂತ ಸುಳ್ಳಲ್ಲದ್ದರಿಂದ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ಲ. ಸಂದರ್ಶನಕ್ಕೆ ಸಾಲಾಗಿ ಕೂತಿದ್ದ ಅಡುಗೆಯವರು, ಕಾವಲುಗಾರರು, ಮಾಲಿ, ಎಲ್ಲರೂ ಅದೇ ಹೋಟೆಲನ್ನು ಅದೇ ಎತ್ತರಕ್ಕೆ ಒಯ್ಯುವವರಿದ್ದರಂತೆ.

ಮ್ಯಾನೇಜರ್ ಅವನ ಉತ್ತರಕ್ಕೆ ತಲೆದೂಗಿದ. ಆಮೇಲೆ ಒಂದು ಕೋಟನ್ನು ಮೇಜಿನ ಮೇಲಿಟ್ಟು, ಒಳಗಿನ ಲೈನಿಂಗ್ ಪೂರ್ತಿ ಹರಿದಿದೆ, ಅತಿಥಿ ಸಂಜೆ ಹೊರಡುತ್ತಾರೆ, ಯಾವಾಗ ಕೊಡುತ್ತೀಯ ಎಂದು ಕೇಳಿದ. ಇದು ಬಾಯಿಪಾಠದಲ್ಲಿರಲಿಲ್ಲ. ಮಾಸ್ಟರ್ ಕೋಟನ್ನು ತಿರುವಿ ನೋಡಿದ, ಶಬ್ದಗಳಿಗಾಗಿ ತಡಕಾಡಿದ, ಸಿಕ್ಕಿದ್ದನ್ನು ಹೇಳಿದ: ಇವತ್ತು ಆಗುವುದಿಲ್ಲ, ನಾಳೆಯೂ ಇಲ್ಲ, ನಾಡಿದ್ದು. ಅತಿಥಿಗಳಿಗೆ ಆಗುವುದಿಲ್ಲ ಎನ್ನುವವರು ನಮಗೆ ಬೇಡ ಎಂದು ಮ್ಯಾನೇಜರ್ ನಯವಾಗಿಯೇ ಹೇಳಿ ಕಳಿಸಿದ. "ಖಂಡಿತ ಸರ್" ಎಂದವನಿಗೆ ಕೆಲಸ ಸಿಕ್ಕಿತು. ಅತಿಥಿ ಹರಿದ ಲೈನಿಂಗಿನಲ್ಲೇ ಹೊರಟನೆಂದು ಆಮೇಲೆ ತಿಳಿಯಿತು.

ಜೀವಮಾನವಿಡೀ ಹೇಳಿದವರಿಗೆ ಬೇಕಾದ ಹೊತ್ತಲ್ಲಿ ಒಂದೇ ಒಂದು ಸುಳ್ಳು ಸಿಗಲಿಲ್ಲವೇ ಎಂದು ಹೆಂಡತಿ ಕೇಳಿದಳು. ಮರುದಿನ ಆಕೆ ಕೊಟ್ಟ ಮಾತಿನಂತೆ ಪರದೆಯ ಹಿಂದೆ ಹೋಗಿ ಕೂತಳು.

ನನ್ನ ಕೋಟು ಕೇಳಲು ಅಂದು ನಾನೂ ಅಂಗಡಿಯಲ್ಲಿದ್ದೆ. ಆಸ್ಪತ್ರೆಯ ನರ್ಸೊಬ್ಬಳು ಹೊಸ ಬಟ್ಟೆ ತಂದು, ಗುರುವಾರಕ್ಕೆ ಬೇಕೇ ಬೇಕು ಎಂದಳು. ಮಾಸ್ಟರನ ಕೈ ತಾನಾಗಿ ಬಟ್ಟೆಯನ್ನು ಹಲಗೆಯ ಮೇಲೆ ಹರಡಿತು, ಕತ್ತರಿ ಎತ್ತಿಕೊಂಡಿತು. ಬಾಯಿಯೂ ತೆರೆಯಿತು. ಮಾತು ಬರಲಿಲ್ಲ, ತುಟಿ ಮಾತ್ರ ಅಲುಗಿತು. ಆ ಅಲುಗಾಟ ನನಗೆ ಪರಿಚಿತ. ಅವನು ಇಂಗ್ಲಿಷಿನಲ್ಲಿ ಶಬ್ದ ಹುಡುಕುತ್ತಿದ್ದ.

ಕತ್ತರಿ ಕೆಳಗಿಟ್ಟ. ಬಟ್ಟೆಯನ್ನು ಮಡಿಸಿ ಅವಳ ಚೀಲಕ್ಕೇ ವಾಪಸು ಹಾಕಿದ.

"ಗುರುವಾರಕ್ಕೆ ಆಗಲ್ಲ, ಸಿಸ್ಟರ್. ಹಿಂದಿನ ಬೀದೀಲಿ ಒಬ್ಬ ಇದ್ದಾನೆ, ಅವನಿಗೆ ಕೊಡಿ."

ಪರದೆ ಒಂದಿಷ್ಟು ಸರಿಯಿತು. ನರ್ಸು ಅವನನ್ನು ನಂಬಲಿಲ್ಲ. ಬಟ್ಟೆಯನ್ನು ಅಲ್ಲೇ ಬಿಡಿಸಿ, ಎಲ್ಲಿಯಾದರೂ ಕತ್ತರಿ ತಗುಲಿದೆಯೇ ಎಂದು ಬೆಳಕಿಗೆ ಹಿಡಿದು ಅಂಚು ಅಂಚನ್ನೂ ನೋಡಿದಳು.