ಎಮ್ಮೆ ಕೊಟ್ಟು ತಂದ ಕೋವಿ

ಬೂದುಗುಂಬಳಕಾಯಿ ಒಡೆದಾಗ ಒಂದು ಹಸಿ ವಾಸನೆ ಬರುತ್ತದೆ. ತಣ್ಣಗಿನ, ನೀರುನೀರಾದ ವಾಸನೆ. ಮೊನ್ನೆ ಆಯುಧಪೂಜೆಯ ದಿನ ನಮ್ಮ ಬೀದಿಯ ಲಾರಿಯವನು ಚಕ್ರದ ಮುಂದೆ ಕಾಯಿ ಅಪ್ಪಳಿಸಿದಾಗ ಅದು ನನ್ನ ಜಗಲಿಯವರೆಗೂ ಬಂತು. ನಾನು ಎದ್ದು ಒಳಗೆ ಹೋದೆ. ಮನೆಯವರು ಇದನ್ನೂ ವಯಸ್ಸಿನ ವಿಕಾರಗಳಲ್ಲಿ ಒಂದು ಎಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ಆ ವಾಸನೆಯ ಹಿಂದೆ ಮಳವಳ್ಳಿಯ ನಮ್ಮ ಪಕ್ಕದ ಮನೆಯ ಶೇಕ್ದಾರರು ನಿಂತಿದ್ದಾರೆ. ಅದು ಯುದ್ಧದ ಕಾಲ. ನಾನು ಆಗತಾನೆ ಅಲ್ಲಿಯ ಸ್ಕೂಲಿಗೆ ಮೇಷ್ಟರಾಗಿ ಬಂದಿದ್ದೆ. ಅವರು ಕಂದಾಯದ ಕೆಲಸದಿಂದ ನಿವೃತ್ತರಾಗಿದ್ದರು. ಅಧಿಕಾರದ ದನಿ ಮಾತ್ರ ಇನ್ನೂ ಪಿಂಚಣಿ ತೆಗೆದುಕೊಂಡಿರಲಿಲ್ಲ. ಮನೆಯ ಬೆಕ್ಕು ಮರಿ ಹಾಕಿದರೂ ಸ್ಥಳ ತನಿಖೆ ಮಾಡಿಯೇ ಒಪ್ಪಿಕೊಳ್ಳುತ್ತಿದ್ದರು.

ಆ ವರ್ಷ ಶಿಂಷಾ ಕಡೆಯ ಕುರುಚಲು ಕಾಡಿನಿಂದ ಚಿರತೆಯೊಂದು, ಊರಿನವರ ಬಾಯಲ್ಲಿ ಕಿರ್ಬ, ಬಂದು ಅವರ ಕರುವನ್ನು ಹೊತ್ತುಕೊಂಡು ಹೋಯಿತು. ಸರ್ಕಾರದ ಸೇವೆ ಮಾಡಿದವರ ಕರು ಅನ್ನುವುದನ್ನೂ ನೋಡಲಿಲ್ಲ. ಅದೇ ಸಮಯಕ್ಕೆ, ಆ ಕಡೆ ಬೇಟೆಗೆ ಬಂದು ಬಂಗಲೆಯಲ್ಲಿ ಇಳಿಯುತ್ತಿದ್ದ ಬಿಳಿ ದೊರೆಯೊಬ್ಬ ಯುದ್ಧಕ್ಕೆ ಹೊರಟುಹೋಗಿದ್ದ. ಅವನ ಬಟ್ಲರ್ ಸಾಮಾನು ವಿಲೇವಾರಿ ಮಾಡುತ್ತಿದ್ದ. ಶೇಕ್ದಾರರು ಹಾಲು ಕೊಡುವ ಎಮ್ಮೆಯನ್ನು ಹೊಡೆದುಕೊಂಡು ಹೋಗಿ, ಏನು ಕೊಡುತ್ತದೆಂದು ಯಾರಿಗೂ ಗೊತ್ತಿಲ್ಲದ ಒಂದು ಹಳೆಯ ಕೋವಿಯನ್ನು ತಂದರು. ಅವರ ಹೆಂಡತಿ ಕೊಟ್ಟಿಗೆಗೆ ಹೋಗಿ ಬರಿದಾದ ಗೂಟ ನೋಡಿಕೊಂಡು ಬಂದರು.

ಪರವಾನಗಿ ಬೇಕಾದರೆ ಅದು ಎಂಥ ಕೋವಿ ಅಂತ ಅಮಲ್ದಾರರ ಕಚೇರಿಗೆ ತಿಳಿಸಬೇಕಿತ್ತು. ಹೀಗಾಗಿ ಜಗಲಿಯ ಮೇಲೆ ತನಿಖೆ ಕೂತಿತು. ಶೇಕ್ದಾರರು, ನಾನು, ಮತ್ತೆ ಅವರ ಆಳು. ಆ ಆಳು ಅವರ ವಾರಿಗೆಯವನೇ, ಚಿಕ್ಕಂದಿನಿಂದ ಆ ಮನೆಯ ಅನ್ನ ಉಂಡವನು. ಅವರನ್ನು ಹಾಸ್ಯ ಮಾಡುವ ಹಕ್ಕು ಊರಿನಲ್ಲಿ ಅವನೊಬ್ಬನಿಗೇ ಇತ್ತು.

ಕೋವಿಯಲ್ಲಿ ಬೆರಳಿನಿಂದ ಎಳೆಯುವ ಕುದುರೆಯ ಸುತ್ತ ಉದ್ದನೆಯ ಕಬ್ಬಿಣದ ಬಳೆ. ಅದನ್ನು ಕೆಳಗೆ ಎಳೆದರೆ ಕೋವಿಯ ನೆತ್ತಿ ತೆರೆದುಕೊಳ್ಳುತ್ತಿತ್ತು, ಮೇಲಕ್ಕೆ ಒತ್ತಿದರೆ ಮುಚ್ಚಿಕೊಳ್ಳುತ್ತಿತ್ತು. ನಳಿಗೆಯ ಮೇಲಿನ ಇಂಗ್ಲಿಷ್ ಓದುವ ಕೆಲಸ ನನ್ನ ಪಾಲಿಗೆ ಬಂತು. ತುಕ್ಕು ನನಗಿಂತ ಮೊದಲೇ ಓದಿ ಮುಗಿಸಿತ್ತು. ಅಮೆರಿಕದ್ದು ಅನ್ನುವಷ್ಟನ್ನು ಮಾತ್ರ ಉಳಿಸಿತ್ತು. ನಳಿಗೆಯ ಕೆಳಗೆ ಅಂಟಿಕೊಂಡಂತೆ ಇನ್ನೊಂದು ಕೊಳವೆ. ನಮ್ಮ ಕಡೆ ಜನ ಕಂಡದ್ದೆಲ್ಲ ಕೇಪಿನ ಕೋವಿ, ಬಾಯಿಂದ ಮದ್ದು ಸುರಿದು ಕಂಬಿಯಿಂದ ಜಡಿಯುವಂಥದ್ದು. ಆ ಕಂಬಿಯ ಜಾಗ ನಳಿಗೆಯ ಕೆಳಗೇ. ಆದ್ದರಿಂದ ತೀರ್ಪಾಯಿತು: ಇದು ಕಂಬಿಯ ಮನೆ, ಕಂಬಿ ಬಟ್ಲರ್ ಹತ್ತಿರ ಉಳಿದಿದೆ.

“ಈ ಕೊಳ್ವೆ ಬಾಯ್ ಬೆಸೆದವ್ರಲ್ಲ ಬುದ್ದಿ, ಕಂಬಿ ಎಲ್ಲಿಂದ ಓಯ್ತದೆ?” ಅಂದ ಆಳು.

“ಬಿಳೀ ದೊರೆ ಕೋವಿ ಕಣ್ಲಾ. ಅವ್ರದೆಲ್ಲ ಉಲ್ಟಾ.”

ಕಂಬಿ ತರಲು ಬಂಗಲೆಗೆ ಜನ ಹೋಯಿತು. ಬಟ್ಲರ್ ಎಮ್ಮೆಯ ಸಮೇತ ಊರು ಬಿಟ್ಟಿದ್ದ. ಶೇಕ್ದಾರರು ಬಳೆಯನ್ನು ಎಳೆದು ಒತ್ತಿ, ಎಳೆದು ಒತ್ತಿ ನೋಡಿದರು. ಒಳಗಿನಿಂದ ಏನೂ ಬರಲಿಲ್ಲ. ಕೋವಿ ಖಾಲಿ ಎಂದು ಘೋಷಿಸಿದರು.

“ಖಾಲಿ ಅಂತ ಅದೇ ಬಂದು ನಿಮ್ಗೆ ಯೋಳ್ತಾ?” ಹೆಂಡತಿ ಹೊಸ್ತಿಲಿನಿಂದ ಕೇಳಿದರು.

“ಕಣ್ಣಲ್ಲೇ ನೋಡಿದೀನಿ ಕಣೆ.”

“ನಿಮ್ ಕಣ್ಗೆ ಕಂಡಿದ್ದು ಒಂದ್ ತೂತು.”

ಕೋವಿ ನಡುಮನೆಯ ಬಾಗಿಲ ಮೇಲೆ ಏರಿತು. ಆಕೆ ಅದರ ಕೆಳಗೆ ಓಡಾಡುವುದನ್ನೇ ಬಿಟ್ಟರು. ಅಡುಗೆಮನೆಗೆ ಹಿತ್ತಿಲಿನಿಂದ ಸುತ್ತಿ ಹೋಗುತ್ತಿದ್ದರು…

ಆಯುಧಪೂಜೆ ಬಂತು. ಆ ಮನೆಯಲ್ಲಿ ನೇಗಿಲಿನಿಂದ ಈಳಿಗೆಮಣೆಯವರೆಗೆ ಎಲ್ಲಕ್ಕೂ ಸೀಗೆಪುಡಿಯ ಅಭ್ಯಂಜನ. ಕೋವಿಗೂ ಆಯಿತು. ಹಂಡೆಯ ಕುದಿನೀರು, ಹರಳೆಣ್ಣೆ, ಆಮೇಲೆ ಬೆಳಗೆಲ್ಲ ಬಿಸಿಲು. ಕೊಳವೆಯ ಸಂದಿನಿಂದ ಕರೀ ಜಿಡ್ಡು ಕರಗಿ ಇಳಿಯಿತು. ಎಷ್ಟು ಕಾಲದ ಕೊಳೆಯೋ ಅಂತ ಶೇಕ್ದಾರರು ತಾವೇ ಒರೆಸಿದರು.

ಮಂಗಳಾರತಿ ಮುಗಿದ ಮೇಲೆ ಅವರಿಗೆ ಒಂದು ಯೋಚನೆ ಬಂತು. ಕೋವಿಯ ಪಾಲಿನ ಬಲಿಯನ್ನು ಕೋವಿಯೇ ತೆಗೆದುಕೊಳ್ಳಬೇಕು. ಕುಂಕುಮ ತುಂಬಿದ ಕುಂಬಳಕಾಯಿಯನ್ನು ಆಳು ಹಿಡಿದು ನಿಲ್ಲುವುದು. ತಾವು ಕುದುರೆ ಎಳೆದು ಟಿಕ್ಕೆನ್ನಿಸಿದಾಗ ಅವನು ಅದನ್ನು ನೆಲಕ್ಕೆ ಅಪ್ಪಳಿಸುವುದು. ಅವನು ಕಾಯನ್ನು ಎದೆಗೆ ಹಿಡಿದು ನಿಂತ.

“ಕಿರ್ಬ ನಾನೋ ಕುಂಬ್ಳಕಾಯೋ ಬುದ್ದಿ?”

“ಸುಮ್ನೆ ನಿಂತ್ಕೊಳ್ಲಾ. ಕಿರ್ಬ ಎಲ್ಲಾದ್ರೂ ಮಾತಾಡ್ತದಾ?”

ಆರತಿ ತಟ್ಟೆ ಹಿಡಿದಿದ್ದ ಹೆಂಡತಿ “ಬ್ಯಾಡಿ” ಅಂದರು. ಅಷ್ಟೇ.

ಶೇಕ್ದಾರರು ಬಳೆ ಎಳೆದು ಒತ್ತಿದರು. ಅವತ್ತು ಒಳಗೆ ನೋಡಲಿಲ್ಲ, ನೋಡಿಯಾಗಿತ್ತಲ್ಲ. ಆ ಸದ್ದು ಮಾತ್ರ ದಿನದಂತಿರಲಿಲ್ಲ. ತುಂಬಿದ ಬಾಯಿ ಮುಚ್ಚಿದ ಹಾಗಿತ್ತು…

ಕುದುರೆ ಎಳೆದಾಗ ಟಿಕ್ಕೆನ್ನಲಿಲ್ಲ, ಢಂ ಅಂತು; ಕಾಯಿ ಆಳಿನ ಕೈಯಲ್ಲೇ ಒಡೆಯಿತು. ಆಳು ನೆಲದ ಮೇಲೆ ಕೂತ. ಪಟಾಕಿ ಸಿಡಿಸಿ ಭಾರೀ ನಟನೆ ಎಂದು ಯಾರೋ ನಕ್ಕರು. ಕೆಂಪು ಹರಿಯುತ್ತಲೇ ಇತ್ತು. ಒಂದು ಕಾಯಲ್ಲಿ ಅಷ್ಟು ಕುಂಕುಮ ಹಿಡಿಯುವುದಿಲ್ಲ ಅನ್ನುವುದು ಮೊದಲು ಹೊಳೆದದ್ದು ಆಕೆಗೆ. ತಟ್ಟೆ ಕೆಳಗೆ ಬಿತ್ತು.

ಆಮೇಲೆ ಪೊಲೀಸರು ಮೈಸೂರಿನಿಂದ ಕರೆಸಿದ ಕೋವಿ ರಿಪೇರಿಯವನು ಆ ಕೊಳವೆಯನ್ನು ಬಿಚ್ಚಿ ತೋರಿಸಿದ. ಅದು ಕಂಬಿಯ ಮನೆಯಲ್ಲ, ಗುಂಡು ತುಂಬಿದ ತೋಟೆಗಳ ಕಣಜ. ಬಳೆ ಎಳೆದು ಒತ್ತಿದಾಗೆಲ್ಲ ಅಲ್ಲಿಂದ ಒಂದೊಂದು ತೋಟೆ ನಳಿಗೆಗೆ ಬರಬೇಕು. ದೊರೆ ಬಿಟ್ಟುಹೋದವು ಗಟ್ಟಿಯಾದ ಜಿಡ್ಡಿನಲ್ಲಿ ಕಚ್ಚಿಕೊಂಡಿದ್ದವು. ಕುದಿನೀರು, ಬಿಸಿಲು ಅವನ್ನು ಬಿಡಿಸಿದ್ದವು. ಒಳಗೆ ಇನ್ನೂ ಇದ್ದವು.

ಆಳು ಸತ್ತದ್ದು ಆಕಸ್ಮಿಕ ಅಂತ ಕೋರ್ಟು ಶೇಕ್ದಾರರನ್ನು ಬಿಟ್ಟಿತು. ಅವರು ತಮ್ಮನ್ನು ಬಿಡಲಿಲ್ಲ. ಅಲ್ಲಿಂದಾಚೆಗೆ ಬರಿದಾದ ಯಾವುದನ್ನೂ ಅವರು ನಂಬುತ್ತಿರಲಿಲ್ಲ. ಬಾವಿಯ ಬಿಂದಿಗೆ, ರಾಗಿಯ ವಾಡೆ, ಎಲ್ಲಕ್ಕೂ ಬಗ್ಗಿ ನೋಡುವರು. ಕಾಫಿ ಕುಡಿದ ಲೋಟ ಬೋರಲು ಹಾಕಿ ತಟ್ಟುವರು, ಎತ್ತಿ ನೋಡುವರು, ಮತ್ತೆ ತಟ್ಟುವರು. ಒಂದು ಸಂಜೆ ನಮ್ಮ ಜಗಲಿಯಲ್ಲಿ ಲೋಟ ನನ್ನ ಕೈಗೆ ಕೊಟ್ಟು, “ಮೇಷ್ಟ್ರೆ, ನೀವೂ ಒಂದ್ಸಲ ನೋಡ್ಬುಡಿ” ಅಂದರು. ನೋಡಿದೆ. ಖಾಲಿ ಅಂದೆ. ನನ್ನ ಮುಖವನ್ನೇ ನೋಡುತ್ತಿದ್ದರು, ನಂಬಲಿಲ್ಲ. ಸ್ವಾತಂತ್ರ್ಯ ಬಂತೆಂದು ಊರು ಸಿಹಿ ಹಂಚುವ ಹೊತ್ತಿಗೆ ಅವರಿರಲಿಲ್ಲ.

ಶೇಕ್ದಾರರನ್ನೂ ಆ ಆಳನ್ನೂ ಒಂದೇ ಜಗಲಿಯ ಮೇಲೆ ಕಂಡವನು ಈಗ ನಾನೊಬ್ಬನೇ ಉಳಿದಿರಬೇಕು… ಮೊನ್ನೆ ಲಾರಿ ಹೋದ ಮೇಲೆ ಸೊಸೆ ಕಾಫಿ ತಂದುಕೊಟ್ಟಳು. ಕುಡಿದೆ. ಅವಳು ಅತ್ತ ತಿರುಗಲಿ ಅಂತ ಕಾದು, ಲೋಟ ಬೋರಲು ಹಾಕಿ, ಮೆಲ್ಲಗೆ ತಟ್ಟಿದೆ.