ವಿಯೆಟ್ನಾಂಗೆ ಒಂದೇ ಟಿಕೆಟ್

ಸ್ನೇಹಿತರೇ, ನಲವತ್ತಾರನೇ ವಯಸ್ಸಿಗೆ ಸಿಕ್ಕಿದ ಮೊದಲ ಪಾಸ್‌ಪೋರ್ಟ್ ಹಿಡಿದು ಇವತ್ತು ಕುಮಟೆಯ ಟ್ರಾವೆಲ್ಸ್ ಆಫೀಸಿಗೆ ಹೋಗಿದ್ದೆ. ಕಡಿಮೆ ಖರ್ಚಲ್ಲಿ ವಿಯೆಟ್ನಾಂ ನೋಡಬೇಕು ಅಂದೆ.

"ಜೊತೆಗೆ ಯಾರು?" ಅಂದರು ಮಾಲೀಕರು.

"ನಾನೊಬ್ಬಳೇ."

"ಹಂಗೆಲ್ಲ ಆಗೂದಿಲ್ಲ ಮೇಡಂ. ಯಜಮಾನ್ರ ಹತ್ರ ಒಂದು ಮಾತು ಕೇಳ್ಕಂಡು ಬನ್ನಿ."

ವಾದ ಮಾಡಲಿಲ್ಲ. ಅವರೆದುರೇ ಕೂತು ಮೊಬೈಲಿನಲ್ಲಿ ಆಫರಿನ ವಿಮಾನ ಟಿಕೆಟ್ ತೆಗೆದೆ. ಹನೋಯಿಯ ಹಾಸ್ಟೆಲೊಂದರ ಹೆಂಗಸರ ಕೋಣೆಯಲ್ಲಿ ಹಾಸಿಗೆಯನ್ನೂ ಕಾದಿರಿಸಿದೆ. "ಆತು ನೋಡಿ," ಅಂತ ಸ್ಕ್ರೀನ್ ತೋರಿಸಿದೆ.

ಹೊರಗೆ ಬಂದರೆ, ಒಳಗೆ ಪಕ್ಕದ ಟೇಬಲ್ಲಿನಲ್ಲಿ ಬಿಲ್ ಬರೆಯುತ್ತಿದ್ದ ಮಾಲೀಕರ ಹೆಂಡತಿ ಹಿಂದೆಯೇ ಬಂದು ಮೆಲ್ಲಗೆ ಕೇಳಿದರು, "ಅಕ್ಕಾ, ಅದು ಎಂತ ಆ್ಯಪು? ನಂಗೂ ಒಬ್ಳೇ ಹೋಗೂಕೆ ಆಸೆ ಅದೆ."

ಅವರ ಫೋನಿಗೂ ಹಾಕಿಕೊಟ್ಟೇ ಹೊನ್ನಾವರದ ಬಸ್ಸು ಹತ್ತಿದೆ. ಮಾಲೀಕರು ಇನ್ನು ಅನ್ನ ಮಾಡೋದು ಕಲಿಯಬೇಕಾದೀತು.